ಹಿಂದಿನ ಬೇಸ್ ಉಳಿದಿದೆಯೇ? ಬೇಸ್‌ಬಾಲ್‌ನ ಫೋರ್ಸ್ ಔಟ್ ಮತ್ತು ಓಟದ ನಿಯಮಗಳನ್ನು ಅರಿಯುವ ಬಗೆ

ಕ್ರಿಕೆಟ್ ನೋಡಿ ಬೆಳೆದವರು ಬೇಸ್‌ಬಾಲ್ ನೋಡಲು ಕುಳಿತ ಮೊದಲ ದಿನವೇ ಒಂದು ಗೊಂದಲಕ್ಕೆ ಸಿಲುಕುತ್ತಾರೆ. ಎರಡನೇ ಬೇಸ್‌ನ ಮೇಲೆ ಕಾಲಿಟ್ಟು ನಿಂತ ಫೀಲ್ಡರ್ ಚೆಂಡು ಹಿಡಿಯುತ್ತಾನೆ. ಓಟಗಾರ ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದಾನೆ, ಅವನನ್ನು ಯಾರೂ ಮುಟ್ಟಿಲ್ಲ, ಆದರೂ ಅಂಪೈರ್ ಔಟ್ ಕೊಡುತ್ತಾರೆ. ಸ್ವಲ್ಪ ಹೊತ್ತಿನ ನಂತರ ಅದೇ ಬೇಸ್‌ನಲ್ಲಿ ಅದೇ ಫೀಲ್ಡರ್ ಅದೇ ರೀತಿ ಚೆಂಡು ಹಿಡಿದು ನಿಂತರೆ ಯಾರೂ ಔಟ್ ಎನ್ನುವುದಿಲ್ಲ. ಅವನು ಬಗ್ಗಿ, ಜಾರಿಕೊಂಡು ಬರುತ್ತಿರುವ ಓಟಗಾರನ ಕಾಲಿಗೆ ಗ್ಲೌಸ್ ತಾಗಿಸಲು ಹೆಣಗಬೇಕಾಗುತ್ತದೆ. ಅಮೆರಿಕದಲ್ಲಿ ಮಕ್ಕಳ ಪಂದ್ಯದ ದಿನ ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುವ ಕನ್ನಡದ ತಂದೆತಾಯಿಗಳಲ್ಲಿ ಬಹಳ ಮಂದಿ ಈ ವ್ಯತ್ಯಾಸವನ್ನು ಅಂಪೈರರ ಮರ್ಜಿ ಎಂದುಕೊಂಡು ಸುಮ್ಮನಾಗುತ್ತಾರೆ. ನಾನೂ ಒಂದು ಇಡೀ ಋತು ಹಾಗೆಯೇ ಕುಳಿತಿದ್ದೆ. ಅದು ಮರ್ಜಿಯಲ್ಲ, ಅದರ ಹಿಂದೆ ಒಂದೇ ಒಂದು ಪ್ರಶ್ನೆಯಿದೆ. ಆ ಪ್ರಶ್ನೆಯನ್ನು ಕೇಳಿಕೊಳ್ಳುವುದನ್ನು ರೂಢಿಸಿಕೊಂಡರೆ ಬೇಸ್‌ಬಾಲ್‌ನ ಓಟದ ನಿಯಮಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಅಂಗಳ

ಹೋಮ್ ಪ್ಲೇಟ್, ಮೊದಲ ಬೇಸ್, ಎರಡನೇ ಬೇಸ್, ಮೂರನೇ ಬೇಸ್ ಎಂಬ ನಾಲ್ಕು ಗುರುತುಗಳು ಒಂದು ಚೌಕದ ನಾಲ್ಕು ಮೂಲೆಗಳಲ್ಲಿರುತ್ತವೆ. ವೃತ್ತಿಪರ ಆಟದಲ್ಲಿ ಈ ಚೌಕದ ಪ್ರತಿ ಬದಿ 90 ಅಡಿ. ಹನ್ನೆರಡು ವರ್ಷದೊಳಗಿನ ಮಕ್ಕಳ ಲಿಟಲ್ ಲೀಗ್ ಆಟದಲ್ಲಿ 60 ಅಡಿ. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಪಂದ್ಯಗಳಲ್ಲಿ ಬೇಸ್‌ನ ದಿಂಬು 2022ರವರೆಗೆ 15 ಅಂಗುಲ ಚೌಕವಾಗಿತ್ತು, 2023ರಿಂದ 18 ಅಂಗುಲವಾಗಿದೆ. ಬ್ಯಾಟರ್ ಹೋಮ್ ಪ್ಲೇಟ್‌ನಿಂದ ಹೊರಟು, ಗಡಿಯಾರದ ಮುಳ್ಳು ಚಲಿಸುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೂರೂ ಬೇಸ್‌ಗಳನ್ನು ಸರದಿಯಂತೆ ಮುಟ್ಟಿ, ಮತ್ತೆ ಹೋಮ್ ಪ್ಲೇಟ್ ಮುಟ್ಟಿದರೆ ಒಂದು ರನ್. ಮೂರು ಔಟ್‌ಗಳಾದರೆ ಆ ತಂಡದ ಬ್ಯಾಟಿಂಗ್ ಸರದಿ ಮುಗಿಯಿತು.

ಕ್ರಿಕೆಟ್‌ನೊಂದಿಗೆ ಹೋಲಿಸುವವರು ಒಂದು ಮೂಲ ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕ್ರಿಕೆಟ್‌ನಲ್ಲಿ ಚೆಂಡನ್ನು ಹೊಡೆದವನು ಓಡಲೇಬೇಕೆಂಬ ಕಟ್ಟುಪಾಡಿಲ್ಲ. ಮನಸ್ಸಿಲ್ಲದಿದ್ದರೆ ಬ್ಯಾಟು ಊರಿಕೊಂಡು ನಿಂತಲ್ಲೇ ನಿಲ್ಲಬಹುದು. ಬೇಸ್‌ಬಾಲ್‌ನಲ್ಲಿ ಚೆಂಡು ಎರಡು ಸುಣ್ಣದ ಗೆರೆಗಳ ಒಳಗೆ, ಅಂದರೆ ಫೇರ್ ಆಗಿ ಬಿದ್ದರೆ, ಹೊಡೆದವನು ಆ ಕ್ಷಣವೇ ಓಟಗಾರನಾಗಿಬಿಡುತ್ತಾನೆ ಮತ್ತು ಮೊದಲ ಬೇಸ್ ಅವನ ಪಾಲಿಗೆ ಮೀಸಲಾಗುತ್ತದೆ. ಈ ಒಂದು ಒತ್ತಾಯದಿಂದಲೇ ಉಳಿದೆಲ್ಲ ಒತ್ತಾಯಗಳೂ ಹುಟ್ಟುತ್ತವೆ.

ಒಂದು ಬೇಸ್‌ಗೆ ಒಬ್ಬನೇ

ನಮ್ಮ ಕಡೆ ಜಗುಲಿಯ ಕಂಬಗಳ ನಡುವೆ ಕಂಬದಾಟ ಆಡಿದವರಿಗೆ ಇದು ಹೊಸದಲ್ಲ: ಒಂದು ಕಂಬಕ್ಕೆ ಒಬ್ಬನೇ. ಬೇಸ್‌ಬಾಲ್‌ನಲ್ಲಿಯೂ ಒಂದು ಬೇಸ್ ಒಬ್ಬ ಓಟಗಾರನದ್ದು. ಮೊದಲ ಬೇಸ್‌ನಲ್ಲಿ ಒಬ್ಬ ನಿಂತಿರುವಾಗ ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದನೆಂದುಕೊಳ್ಳಿ. ಈಗ ಮೊದಲ ಬೇಸ್ ಬ್ಯಾಟರ್‌ಗೆ ಸಲ್ಲಬೇಕು. ಅಲ್ಲಿ ಮೊದಲೇ ಇದ್ದವನು ತನ್ನ ಜಾಗದ ಹಕ್ಕನ್ನು ಕಳೆದುಕೊಂಡನು. ಅವನಿಗೆ ಎರಡನೇ ಬೇಸ್‌ಗೆ ಹೋಗದೆ ಗತ್ಯಂತರವಿಲ್ಲ. ಎರಡನೇ ಬೇಸ್‌ನಲ್ಲಿಯೂ ಒಬ್ಬನಿದ್ದರೆ ಅವನು ಮೂರನೆಯದಕ್ಕೆ ಹೋಗಲೇಬೇಕು, ಅಲ್ಲಿಯೂ ಒಬ್ಬನಿದ್ದರೆ ಅವನು ಹೋಮ್ ಪ್ಲೇಟ್‌ಗೆ ಓಡಲೇಬೇಕು. ಹಿಂದಿನಿಂದ ಬಂದ ನೂಕಿಗೆ ಸಾಲು ಮುಂದೆ ಸರಿದಂತೆ ಇದು.

ಹೀಗೆ ಬೇರೆ ದಾರಿಯಿಲ್ಲದೆ ಮುಂದೆ ಓಡಬೇಕಾದ ಸ್ಥಿತಿಗೇ ಫೋರ್ಸ್ ಎನ್ನುವುದು. ಆ ಸ್ಥಿತಿಯಲ್ಲಿರುವ ಓಟಗಾರನ ಗುರಿ ಒಂದೇ ಆಗಿರುವುದರಿಂದ ಅವನನ್ನು ಬೆನ್ನಟ್ಟಿ ಮುಟ್ಟುವ ಅಗತ್ಯವಿಲ್ಲ. ಅವನಿಗಿಂತ ಮೊದಲು ಚೆಂಡು ಆ ಗುರಿಯನ್ನು ಸೇರಿದರೆ ಸಾಕು. ಹಿಂತಿರುಗುವ ಹಕ್ಕುಳ್ಳ ಓಟಗಾರನ ವಿಷಯ ಹಾಗಲ್ಲ. ಅವನು ಮುಂದೆಯೂ ಹೋಗಬಹುದು, ಹಿಂದಕ್ಕೂ ಬರಬಹುದು. ಎರಡು ಬಾಗಿಲಿರುವವನನ್ನು ಒಂದು ಬಾಗಿಲಲ್ಲಿ ಕಾದು ಹಿಡಿಯಲಾಗುವುದಿಲ್ಲ, ಕೈಯಿಟ್ಟೇ ಹಿಡಿಯಬೇಕು. ಆದ್ದರಿಂದ ಅವನಿಗೆ ಟ್ಯಾಗ್, ಅಂದರೆ ಚೆಂಡು ಹಿಡಿದ ಕೈಯಿಂದ ಮೈಮುಟ್ಟುವುದು, ಬೇಕು.

ಹಾಗಾಗಿ ಪ್ರತಿ ಓಟಗಾರನ ಕುರಿತು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟು: ಅವನು ಹೊರಟುಬಂದ ಬೇಸ್ ಈಗಲೂ ಅವನಿಗೆ ಉಳಿದಿದೆಯೇ? ಉಳಿದಿದ್ದರೆ ಅವನನ್ನು ಮುಟ್ಟಬೇಕು, ಉಳಿದಿಲ್ಲದಿದ್ದರೆ ಮುಂದಿನ ಬೇಸ್ ಮುಟ್ಟಿದರೆ ಸಾಕು.

ಎಣಿಸುವ ಕ್ರಮ

ಪಿಚರ್ ಚೆಂಡು ಎಸೆಯುವ ಮೊದಲೇ ಈ ಲೆಕ್ಕವನ್ನು ಮುಗಿಸಿಕೊಂಡಿರಬೇಕು. ಚೆಂಡು ಹೊರಟ ಮೇಲೆ ಯೋಚಿಸಲು ವೇಳೆ ಸಿಗುವುದಿಲ್ಲ. ಮೊದಲ ಬೇಸ್‌ನಿಂದ ಆರಂಭಿಸಿ ಮುಂದಕ್ಕೆ ಎಣಿಸುತ್ತಾ ಹೋಗಿ, ಮೊದಲ ಖಾಲಿ ಬೇಸ್ ಸಿಕ್ಕಲ್ಲಿ ನಿಲ್ಲಿಸಿ. ಆ ಖಾಲಿ ಬೇಸ್‌ಗಿಂತ ಹಿಂದೆ ಇರುವವರೆಲ್ಲರೂ ಫೋರ್ಸ್‌ಗೆ ಒಳಗಾಗುವವರು, ಅದಕ್ಕಿಂತ ಮುಂದೆ ಇರುವವರು ಸ್ವತಂತ್ರರು.

ಮೊದಲ ಬೇಸ್‌ನಲ್ಲಿ ಮಾತ್ರ ಒಬ್ಬನಿದ್ದರೆ ಎರಡನೇ ಬೇಸ್‌ನಲ್ಲಿ ಫೋರ್ಸ್ ಇದೆ. ಮೊದಲ ಮತ್ತು ಎರಡನೇ ಬೇಸ್‌ಗಳೆರಡೂ ತುಂಬಿದ್ದರೆ ಎರಡನೇ ಮತ್ತು ಮೂರನೇ ಬೇಸ್‌ಗಳಲ್ಲಿ ಇದೆ. ಮೂರೂ ತುಂಬಿದ್ದರೆ ಎಲ್ಲೆಡೆಯೂ ಇದೆ. ಹೋಮ್ ಪ್ಲೇಟ್‌ನಲ್ಲಿ ಕ್ಯಾಚರ್, ಅಂದರೆ ಬ್ಯಾಟರ್‌ನ ಹಿಂದೆ ಕೂರುವ ಫೀಲ್ಡರ್, ಕಾಲೂರಿ ಚೆಂಡು ಹಿಡಿದರೆ ಸಾಕು. ಹೊಸಬರು ಎಡವುವುದು ನಡುವೆ ಖಾಲಿ ಇರುವ ಸಂದರ್ಭಗಳಲ್ಲಿ. ಮೊದಲ ಮತ್ತು ಮೂರನೇ ಬೇಸ್‌ಗಳಲ್ಲಿ ಓಟಗಾರರಿದ್ದು ಎರಡನೆಯದು ಖಾಲಿ ಇದ್ದರೆ ಮೂರನೆಯವನನ್ನು ಯಾರೂ ನೂಕುತ್ತಿಲ್ಲ. ಅವನು ಬೇಕಾದರೆ ಓಡಬಹುದು, ಬೇಡವಾದರೆ ಬೇಸ್ ತಬ್ಬಿಕೊಂಡು ನಿಲ್ಲಬಹುದು. ಎರಡನೇ ಮತ್ತು ಮೂರನೇ ಬೇಸ್‌ಗಳು ತುಂಬಿ ಮೊದಲನೆಯದು ಖಾಲಿ ಇದ್ದರೆ ಆ ಇಬ್ಬರಲ್ಲಿ ಯಾರಿಗೂ ಒತ್ತಾಯವಿಲ್ಲ. ನಾನು ಒಮ್ಮೆ ಎರಡನೇ ಬೇಸ್‌ನಲ್ಲಿ ಒಬ್ಬನೇ ನಿಂತಿದ್ದ ಹುಡುಗನಿಗೆ ಅಂಚಿನಿಂದ ‘ಓಡು, ಓಡು’ ಎಂದು ಕೂಗಿದ್ದುಂಟು. ಚೆಂಡು ಅವನ ಕಣ್ಣೆದುರೇ ಮೂರನೇ ಬೇಸ್‌ನ ಫೀಲ್ಡರ್‌ನ ಕೈ ಸೇರಿತ್ತು. ಹುಡುಗ ಜಾಣ, ನನ್ನ ಮಾತು ಕೇಳಲಿಲ್ಲ.

ಈ ಲೆಕ್ಕದಿಂದ ಒಂದು ತಂತ್ರವೂ ಅರ್ಥವಾಗುತ್ತದೆ. ಎರಡನೇ ಮತ್ತು ಮೂರನೇ ಬೇಸ್‌ಗಳಲ್ಲಿ ಎದುರಾಳಿಗಳಿರುವಾಗ ಫೀಲ್ಡಿಂಗ್ ತಂಡವು ಕೆಲವೊಮ್ಮೆ ಬ್ಯಾಟರ್‌ಗೆ ತಾನಾಗಿಯೇ ಮೊದಲ ಬೇಸ್ ಬಿಟ್ಟುಕೊಡುತ್ತದೆ. ಮೇಜರ್ ಲೀಗ್‌ನಲ್ಲಿ 2017ರಿಂದ ಇದಕ್ಕೆ ಬ್ಯಾಟರ್‌ಗೆ ನಿಲುಕದಂತೆ ನಾಲ್ಕು ಚೆಂಡು ಎಸೆಯುವ ಅಗತ್ಯವೂ ಇಲ್ಲ, ಮ್ಯಾನೇಜರ್ ಸನ್ನೆ ಮಾಡಿದರೆ ಸಾಕು. ಎದುರಾಳಿಗೆ ಪುಕ್ಕಟೆ ಬೇಸ್ ಕೊಡುವುದು ಹುಚ್ಚುತನದಂತೆ ಕಂಡರೂ, ಖಾಲಿ ಬೇಸ್ ತುಂಬಿದ ಕೂಡಲೇ ಹೋಮ್ ಪ್ಲೇಟ್ ಸೇರಿದಂತೆ ಎಲ್ಲ ಕಡೆ ಫೋರ್ಸ್ ಹುಟ್ಟುತ್ತದೆ. ಮುಟ್ಟಬೇಕಾಗಿದ್ದವರನ್ನು ಇನ್ನು ಬೇಸ್ ತುಳಿದೇ ಔಟ್ ಮಾಡಬಹುದು.

ಕಾಲು ಬೇಸ್ ಮೇಲೆ, ಚೆಂಡು ಕೈಯಲ್ಲಿ

ಫೋರ್ಸ್ ಔಟ್ ಆಗಲು ಫೀಲ್ಡರ್ ಚೆಂಡನ್ನು ಕೈಯಲ್ಲಿ ಅಥವಾ ಗ್ಲೌಸ್‌ನಲ್ಲಿ ಭದ್ರವಾಗಿ ಹಿಡಿದಿದ್ದು, ಅದೇ ಹೊತ್ತಿಗೆ ದೇಹದ ಯಾವುದಾದರೂ ಭಾಗದಿಂದ ಬೇಸ್ ಮುಟ್ಟಿರಬೇಕು. ಸಾಮಾನ್ಯವಾಗಿ ಕಾಲಿನ ತುದಿ ಬೇಸ್‌ನ ಅಂಚಿಗೆ ಊರಿಕೊಂಡಿರುತ್ತದೆ, ಉಳಿದ ಮೈಯೆಲ್ಲ ಚೆಂಡಿನ ಕಡೆಗೆ ಚಾಚಿರುತ್ತದೆ. ಮೊದಲ ಬೇಸ್‌ನ ಫೀಲ್ಡರ್ ಎರಡೂ ಕಾಲು ಅಗಲಿಸಿ ನೆಲಕ್ಕೆ ಹತ್ತಿಕೊಂಡಂತೆ ಚಾಚುವುದು ಪ್ರದರ್ಶನಕ್ಕಲ್ಲ. ಚೆಂಡು ನಾಲ್ಕು ಅಡಿ ಮುಂಚೆ ಕೈಗೆ ಸಿಕ್ಕರೆ ಅಷ್ಟು ಹೊತ್ತು ಮೊದಲೇ ಔಟ್ ಆಗುತ್ತದೆ. ಕಣ್ಣು ಕಾಲಿನ ಮೇಲಿಟ್ಟು ಕಿವಿಯನ್ನು ಗ್ಲೌಸ್‌ಗೆ ಕೊಡುವುದು ಅಂಪೈರರ ಹಳೆಯ ರೂಢಿ: ಓಟಗಾರನ ಬೂಟು ದಿಂಬಿಗೆ ತಗಲುವುದನ್ನು ನೋಡುತ್ತಾ, ಚೆಂಡು ಗ್ಲೌಸ್‌ಗೆ ಬಡಿಯುವ ಸದ್ದನ್ನು ಆಲಿಸುತ್ತಾರೆ.

ಬ್ಯಾಟರ್ ಮೊದಲ ಬೇಸ್‌ಗೆ ಓಡುವಾಗಲೂ ಇದೇ ರೀತಿ ಬೇಸ್ ಮುಟ್ಟಿ ಔಟ್ ಮಾಡಬಹುದು. ನಿಯಮ ಪುಸ್ತಕ ಇದನ್ನು ಫೋರ್ಸ್ ಎಂದು ಕರೆಯದೆ ಪ್ರತ್ಯೇಕವಾಗಿ ಹೇಳುತ್ತದೆ. ಆದರೆ ನೋಡುವವರಿಗೆ ಎರಡರ ನಡುವೆ ವ್ಯತ್ಯಾಸವಿಲ್ಲ, ಪರಿಣಾಮವೂ ಒಂದೇ.

ಟ್ಯಾಗ್‌ನಲ್ಲಿ ಒಂದು ಸೂಕ್ಷ್ಮವಿದೆ. ಓಟಗಾರನನ್ನು ಮುಟ್ಟುವ ಕೈಯಲ್ಲೇ ಚೆಂಡಿರಬೇಕು. ಚೆಂಡು ಬಲಗೈಯಲ್ಲಿದ್ದು, ಎಡಗೈಯ ಬರಿ ಗ್ಲೌಸ್‌ನಿಂದ ಮುಟ್ಟಿದರೆ ಔಟ್ ಅಲ್ಲ. ಆದರೆ ಬೇಸ್ ಮುಟ್ಟುವುದಕ್ಕೆ ಈ ಕಟ್ಟಳೆಯಿಲ್ಲ, ಚೆಂಡು ಕೈಯಲ್ಲಿದ್ದು ಕಾಲಿನಿಂದ ತುಳಿದರೆ ಸಾಕು. ಮಕ್ಕಳ ಆಟದಲ್ಲಿ ಈ ಎರಡನ್ನೂ ಬೆರೆಸಿಕೊಂಡು ಆಗುವ ಜಗಳಗಳಿಗೆ ಲೆಕ್ಕವಿಲ್ಲ. ಫೋರ್ಸ್‌ಗೆ ಒಳಗಾದ ಓಟಗಾರನನ್ನು ಬೇಸ್‌ನ ಬದಲು ಮೈಮುಟ್ಟಿಯೇ ಔಟ್ ಮಾಡಿದರೂ ಅದು ಫೋರ್ಸ್ ಔಟ್ ಎಂದೇ ಲೆಕ್ಕ.

ಒತ್ತಾಯ ಕಳಚುವ ಗಳಿಗೆ

ಇಲ್ಲಿ ನಿಧಾನಿಸಬೇಕು. ಫೋರ್ಸ್ ಎನ್ನುವುದು ಚೆಂಡು ಹೊಡೆದ ಕ್ಷಣ ಅಂಟಿಕೊಂಡು ಕೊನೆಯವರೆಗೂ ಉಳಿಯುವ ಗುಣವಲ್ಲ; ಹಿಂದಿನಿಂದ ನೂಕುತ್ತಿರುವವನು ಇರುವಷ್ಟು ಹೊತ್ತು ಮಾತ್ರ ಅದು ಇರುತ್ತದೆ. ಹಿಂದಿನವನು ಔಟ್ ಆದ ಮರುಕ್ಷಣ ಮುಂದಿನವನ ಮೇಲಿನ ಒತ್ತಾಯ ಕಳಚುತ್ತದೆ, ಅವನ ಹಳೆಯ ಬೇಸ್ ಅವನಿಗೆ ಮರಳಿ ಸಿಗುತ್ತದೆ.

ಮೊದಲ ಬೇಸ್‌ನಲ್ಲಿ ಒಬ್ಬನಿದ್ದಾನೆ. ಬ್ಯಾಟರ್ ಹೊಡೆದ ಚೆಂಡು ನೆಲದಲ್ಲಿ ಪುಟಿಯುತ್ತಾ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್, ಬಳಿಗೆ ಹೋಯಿತು. ಅವನು ಎರಡನೇ ಬೇಸ್‌ಗೆ ಎಸೆದು ಮುಂದಿನವನನ್ನು ಫೋರ್ಸ್ ಔಟ್ ಮಾಡಿಸುತ್ತಾನೆ. ಅಲ್ಲಿಂದ ಚೆಂಡು ಮೊದಲ ಬೇಸ್‌ಗೆ ಹಾರಿ ಬ್ಯಾಟರ್ ಕೂಡ ಔಟ್. ಇದು ದಿನನಿತ್ಯ ಕಾಣುವ ಡಬಲ್ ಪ್ಲೇ. ಎರಡೂ ಕಡೆ ಬೇಸ್ ತುಳಿದರೆ ಸಾಕಾಯಿತು, ಏಕೆಂದರೆ ಮುಂದಿನವನನ್ನು ಮೊದಲು ಔಟ್ ಮಾಡಲಾಯಿತು.

ಈಗ ಅದೇ ಸ್ಥಿತಿಯಲ್ಲಿ ಚೆಂಡು ಮೊದಲ ಬೇಸ್‌ನ ಫೀಲ್ಡರ್‌ನ ಕೈಗೇ ಬಂತೆಂದುಕೊಳ್ಳಿ. ಹತ್ತಿರದಲ್ಲಿದೆಯೆಂದು ಅವನು ಮೊದಲು ತನ್ನ ಬೇಸ್ ತುಳಿದು ಬ್ಯಾಟರ್‌ನನ್ನು ಔಟ್ ಮಾಡಿ, ಆಮೇಲೆ ಎರಡನೇ ಬೇಸ್‌ಗೆ ಎಸೆಯುತ್ತಾನೆ. ಅಲ್ಲಿರುವ ಫೀಲ್ಡರ್ ಅಭ್ಯಾಸಬಲದಿಂದ ಬೇಸ್ ತುಳಿದು ಸುಮ್ಮನೆ ನಿಂತರೆ ಓಟಗಾರ ಔಟ್ ಅಲ್ಲ. ಬ್ಯಾಟರ್ ಔಟ್ ಆದ ಕ್ಷಣ ಮೊದಲ ಬೇಸ್ ಖಾಲಿಯಾಯಿತು, ಓಟಗಾರನಿಗೆ ಅಲ್ಲಿಗೆ ಮರಳುವ ದಾರಿ ತೆರೆಯಿತು. ಆದ್ದರಿಂದ ಅವನನ್ನು ಮುಟ್ಟಲೇಬೇಕು. ಒಳ್ಳೆಯ ತಂಡಗಳಲ್ಲಿ ಮೊದಲ ಬೇಸ್‌ನ ಫೀಲ್ಡರ್ ಚೆಂಡು ಎಸೆಯುತ್ತಲೇ ‘ಟ್ಯಾಗ್’ ಎಂದು ಕೂಗುವುದನ್ನು ಕೇಳಬಹುದು. ಆ ಒಂದು ಕೂಗಿನಲ್ಲಿ ಈ ಇಡೀ ನಿಯಮ ಅಡಗಿದೆ.

ಒತ್ತಾಯ ಮುಗಿಯುವ ಇನ್ನೊಂದು ಸಂದರ್ಭ ಸರಳವಾದದ್ದು. ಓಡಲೇಬೇಕಿದ್ದ ಬೇಸ್ ಅನ್ನು ಓಟಗಾರ ಮುಟ್ಟಿಬಿಟ್ಟರೆ ಅವನ ಸಾಲ ತೀರಿತು. ನಂತರ ಅವನು ಜಾರುವ ರಭಸಕ್ಕೆ ಬೇಸ್ ದಾಟಿ ಹೋದರೆ ಅವನನ್ನು ಮುಟ್ಟಿಯೇ ಔಟ್ ಮಾಡಬೇಕು. ಆದರೆ ಅವನು ಆ ಬೇಸ್ ಮುಟ್ಟಿದ ಮೇಲೆ ಗಾಬರಿಯಿಂದ ಹಿಂದಿನ ಬೇಸ್‌ನ ಕಡೆಗೇ ಓಡತೊಡಗಿದರೆ ಫೋರ್ಸ್ ಮತ್ತೆ ಜಾರಿಗೆ ಬರುತ್ತದೆ.

ಕ್ಯಾಚ್ ಆದಾಗ

ಬ್ಯಾಟರ್ ಎತ್ತಿ ಹೊಡೆದ ಚೆಂಡು ನೆಲ ಮುಟ್ಟುವ ಮೊದಲು ಕ್ಯಾಚ್ ಆದರೆ ಅವನು ಅಲ್ಲಿಗೇ ಔಟ್. ಅಂದರೆ ನೂಕುವವನೇ ಇಲ್ಲವಾದ, ಯಾರ ಮೇಲೂ ಫೋರ್ಸ್ ಇಲ್ಲ. ಆದರೆ ಓಟಗಾರರಿಗೆ ಬೇರೊಂದು ಕಟ್ಟುಪಾಡು ಹುಟ್ಟುತ್ತದೆ. ಕ್ಯಾಚ್ ಆದ ಮೇಲೆ ಅವರು ತಾವು ಮೊದಲಿದ್ದ ಬೇಸ್ ಅನ್ನು ಮತ್ತೆ ಮುಟ್ಟಿಯೇ ಮುಂದೆ ಹೋಗಬೇಕು. ಇದಕ್ಕೆ ಟ್ಯಾಗ್ ಅಪ್ ಎನ್ನುತ್ತಾರೆ. ಚೆಂಡು ಫೀಲ್ಡರ್‌ನ ಕೈಗೆ ಮೊದಲು ತಾಗಿದ ಕ್ಷಣದಿಂದ ಬೇಸ್ ಬಿಟ್ಟು ಹೊರಡಬಹುದು. ಮೂರನೇ ಬೇಸ್‌ನಲ್ಲಿರುವ ಓಟಗಾರ ದೂರದ ಕ್ಯಾಚ್‌ಗಾಗಿ ಬೇಸ್‌ನ ಮೇಲೆ ಒಂದು ಕಾಲೂರಿ, ಕತ್ತು ತಿರುಗಿಸಿ ಕಾಯುತ್ತಾ, ಚೆಂಡು ಗ್ಲೌಸ್ ತಾಗಿದೊಡನೆ ಹೋಮ್ ಪ್ಲೇಟ್‌ಗೆ ಚಿಮ್ಮುವುದು ಆಟದ ಅಂದದ ಗಳಿಗೆಗಳಲ್ಲೊಂದು.

ಮೊದಲೇ ಬೇಸ್ ಬಿಟ್ಟು ಓಡಿದವನು ಹಿಂದಿರುಗುವ ಮುನ್ನ ಚೆಂಡನ್ನು ಅವನ ಹಳೆಯ ಬೇಸ್‌ಗೆ ಎಸೆದು ಅಲ್ಲಿ ಬೇಸ್ ತುಳಿದರೆ ಅವನು ಔಟ್. ಓಟಗಾರನನ್ನು ಮುಟ್ಟುವ ಅಗತ್ಯವಿಲ್ಲ. ಇದು ಥೇಟ್ ಫೋರ್ಸ್‌ನಂತೆಯೇ ಕಾಣುತ್ತದೆ. ಎಷ್ಟೋ ವರ್ಷ ಆಟ ನೋಡಿದವರೂ ಇದನ್ನು ಫೋರ್ಸ್ ಎಂದೇ ಕರೆಯುತ್ತಾರೆ. ಆದರೆ ಇದು ಫೋರ್ಸ್ ಅಲ್ಲ, ಓಟಗಾರ ಮಾಡಿದ ತಪ್ಪಿನ ಮೇಲಿನ ಅಪೀಲ್. ಇದು ಬರಿಯ ಹೆಸರಿನ ಜಗಳವಲ್ಲ, ಇದರ ಮೇಲೆ ರನ್ನೇ ನಿಂತಿದೆ.

ಮೂರನೇ ಔಟ್ ಮತ್ತು ರನ್‌ನ ಲೆಕ್ಕ

ನಿಯಮ ಪುಸ್ತಕದ 5.08ನೇ ನಿಯಮ ಹೀಗೆನ್ನುತ್ತದೆ: ಸರದಿಯ ಮೂರನೇ ಔಟ್ ಒಂದು ಫೋರ್ಸ್ ಔಟ್ ಆಗಿದ್ದರೆ, ಅಥವಾ ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮುನ್ನ ಆದ ಔಟ್ ಆಗಿದ್ದರೆ, ಆ ಹೊಡೆತದಲ್ಲಿ ಹೋಮ್ ಪ್ಲೇಟ್ ಮುಟ್ಟಿದ ರನ್ ಲೆಕ್ಕಕ್ಕಿಲ್ಲ. ಓಟಗಾರ ಆ ಔಟ್‌ಗಿಂತ ಎರಡು ಸೆಕೆಂಡು ಮೊದಲೇ ಹೋಮ್ ಪ್ಲೇಟ್ ದಾಟಿದ್ದರೂ ಅಷ್ಟೇ. ಮೂರನೇ ಔಟ್ ಟ್ಯಾಗ್‌ನಿಂದ ಆಗಿದ್ದರೆ ಮಾತ್ರ ಸಮಯದ ಲೆಕ್ಕ ಬರುತ್ತದೆ. ಟ್ಯಾಗ್‌ಗಿಂತ ಮೊದಲು ಹೋಮ್ ಪ್ಲೇಟ್ ಮುಟ್ಟಿದ್ದರೆ ರನ್ ಉಂಟು, ನಂತರವಾದರೆ ಇಲ್ಲ. ಟ್ಯಾಗ್ ಅಪ್ ಮಾಡದೆ ಓಡಿದವನು ಅಪೀಲ್‌ನಿಂದ ಮೂರನೇ ಔಟ್ ಆದರೂ, ಅದು ಫೋರ್ಸ್ ಅಲ್ಲದ ಕಾರಣ, ಅವನ ಮುಂದಿದ್ದವನು ಸರಿಯಾಗಿ ಟ್ಯಾಗ್ ಅಪ್ ಮಾಡಿ ಆ ಹೊತ್ತಿಗೆ ಹೋಮ್ ಪ್ಲೇಟ್ ಮುಟ್ಟಿದ್ದರೆ ಅವನ ರನ್ ನಿಲ್ಲುತ್ತದೆ.

ಈ ನಿಯಮ ಎಷ್ಟು ಬಿಗಿಯಾದದ್ದು ಎಂಬುದನ್ನು ಫ್ರೆಡ್ ಮರ್ಕಲ್ ಎಂಬ ಹತ್ತೊಂಬತ್ತರ ಯುವಕ ಇಡೀ ಅಮೆರಿಕಕ್ಕೆ ಕಲಿಸಿದ, ತಾನು ಬಯಸದೆಯೇ. 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಮತ್ತು ಶಿಕಾಗೋ ಕಬ್ಸ್ ಆಡುತ್ತಿದ್ದವು. ಒಂಬತ್ತನೇ ಇನ್ನಿಂಗ್ಸ್‌ನ ಕೊನೆ, 1-1ರ ಸಮ, ಎರಡು ಔಟ್. ಮೂರನೇ ಬೇಸ್‌ನಲ್ಲಿ ಮೂಸ್ ಮೆಕಾರ್ಮಿಕ್, ಮೊದಲ ಬೇಸ್‌ನಲ್ಲಿ ಮರ್ಕಲ್. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡು ಔಟ್‌ಫೀಲ್ಡ್ ಸೇರಿತು, ಮೆಕಾರ್ಮಿಕ್ ಹೋಮ್ ಪ್ಲೇಟ್ ಮುಟ್ಟಿದ, ಗೆದ್ದೆವೆಂದು ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಎರಡನೇ ಬೇಸ್‌ನತ್ತ ಹೋಗುತ್ತಿದ್ದ ಮರ್ಕಲ್ ಜನಸಂದಣಿಯನ್ನು ಕಂಡು, ಬೇಸ್ ಮುಟ್ಟದೆಯೇ ಅರ್ಧದಿಂದ ತಿರುಗಿ ತಂಡದ ಕೊಠಡಿಯ ಕಡೆಗೆ ಓಡಿದ. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ.

ಕಬ್ಸ್‌ನ ಎರಡನೇ ಬೇಸ್‌ನ ಆಟಗಾರ ಜಾನಿ ಎವರ್ಸ್ ಮಾತ್ರ ನಿಯಮ ಓದಿದ್ದವನು. ಅವನು ಚೆಂಡು ತರಿಸಿಕೊಂಡು ಎರಡನೇ ಬೇಸ್ ತುಳಿದು ನಿಂತ. ಮರ್ಕಲ್ ಹಿಂದೆ ಬ್ರಿಡ್‌ವೆಲ್ ಇದ್ದುದರಿಂದ ಅದು ಫೋರ್ಸ್, ಮೂರನೇ ಔಟ್ ಫೋರ್ಸ್ ಆದುದರಿಂದ ಮೆಕಾರ್ಮಿಕ್‌ನ ರನ್ ಇಲ್ಲ. ಎವರ್ಸ್ ಕೈಗೆ ಬಂದದ್ದು ಅದೇ ಚೆಂಡೋ ಬೇರೆಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಅಂಪೈರ್ ಹ್ಯಾಂಕ್ ಓಡೇ ಔಟ್ ಕೊಟ್ಟರು, ಪಂದ್ಯ ಸಮವೆಂದು ಘೋಷಿತವಾಯಿತು. ಹತ್ತೊಂಬತ್ತು ದಿನ ಮೊದಲು, ಸೆಪ್ಟೆಂಬರ್ 4ರಂದು, ಪಿಟ್ಸ್‌ಬರ್ಗ್‌ನಲ್ಲಿ ಇದೇ ರೀತಿ ಒಬ್ಬ ಓಟಗಾರ ಎರಡನೇ ಬೇಸ್ ಮುಟ್ಟದೆ ಹೋದಾಗ ಎವರ್ಸ್ ಇದೇ ವಾದವನ್ನು ಇದೇ ಅಂಪೈರರ ಮುಂದಿಟ್ಟಿದ್ದ. ಅಂದು ಅದಕ್ಕೆ ಮನ್ನಣೆ ಸಿಕ್ಕಿರಲಿಲ್ಲ. ಋತುವಿನ ಕೊನೆಗೆ ಎರಡೂ ತಂಡಗಳು ಸಮನಾಗಿ ನಿಂತು, ಅಕ್ಟೋಬರ್ 8ರಂದು ಆ ಪಂದ್ಯವನ್ನು ಮತ್ತೆ ಆಡಬೇಕಾಯಿತು. ಕಬ್ಸ್ 4-2ರಿಂದ ಗೆದ್ದು, ಋತುವಿನ ಅಂತಿಮ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್ ಅನ್ನೂ ಗೆದ್ದಿತು. ಅದಾದ ಮೇಲೆ ಅದಕ್ಕೆ ಮತ್ತೆ ಆ ಪಟ್ಟ ಸಿಕ್ಕಿದ್ದು 2016ರಲ್ಲಿ. ತೊಂಬತ್ತು ಅಡಿಯ ಓಟದಲ್ಲಿ ಉಳಿದಿದ್ದ ಅರ್ಧವನ್ನು ಓಡದ್ದಕ್ಕೆ ಮರ್ಕಲ್ ಹೆಸರಿಗೆ ಜೀವನಪೂರ್ತಿ ಮಸಿ ಅಂಟಿಕೊಂಡಿತು. ಎಲ್ಲರೂ ಮಾಡುತ್ತಿದ್ದ ತಪ್ಪಿಗೆ ಒಬ್ಬನೇ ಹೊಣೆಯಾದದ್ದು ನನಗಂತೂ ಅನ್ಯಾಯವೆಂದೇ ಕಾಣುತ್ತದೆ. ಆದರೆ ಔಟ್ ಮಾತ್ರ ಔಟೇ.

ಇನ್‌ಫೀಲ್ಡ್ ಫ್ಲೈ

ಫೋರ್ಸ್ ಅನ್ನು ಅರಿತವರಿಗೆ ಮಾತ್ರ ಅರ್ಥವಾಗುವ ನಿಯಮವಿದು. ಮೊದಲ ಮತ್ತು ಎರಡನೇ ಬೇಸ್‌ಗಳಲ್ಲಿ ಓಟಗಾರರಿದ್ದಾರೆ, ಎರಡು ಔಟ್ ಇನ್ನೂ ಆಗಿಲ್ಲ. ಬ್ಯಾಟರ್ ಹೊಡೆದ ಚೆಂಡು ನೆಟ್ಟಗೆ ಮೇಲೆ ಹಾರಿ, ಬೇಸ್‌ಗಳ ಆಸುಪಾಸಿನಲ್ಲೇ ಸುಲಭವಾಗಿ ಹಿಡಿಯುವಂತೆ ಇಳಿಯುತ್ತಿದೆ. ಓಟಗಾರರು ಕ್ಯಾಚ್ ಆದೀತೆಂದು ಬೇಸ್‌ನಲ್ಲೇ ನಿಂತಿರುತ್ತಾರೆ. ಫೀಲ್ಡರ್ ಕುಟಿಲನಾಗಿದ್ದರೆ ಬೇಕೆಂದೇ ಚೆಂಡನ್ನು ಕೆಳಗೆ ಬಿಟ್ಟು ಎತ್ತಿಕೊಳ್ಳಬಹುದು. ಕ್ಯಾಚ್ ಆಗದ ಕಾರಣ ಇಬ್ಬರೂ ಓಡಲೇಬೇಕು, ಓಡಲು ಹೊತ್ತಿಲ್ಲ, ಮೂರನೇ ಬೇಸ್‌ನಲ್ಲೊಂದು, ಎರಡನೆಯದರಲ್ಲೊಂದು ಎಂದು ಎರಡು ಫೋರ್ಸ್ ಔಟ್ ಸಿಗುತ್ತವೆ. ಓಡಿದ್ದರೋ, ಅವನು ಕ್ಯಾಚ್ ಹಿಡಿದು ಹಿಂದಿನ ಬೇಸ್‌ಗೆ ಎಸೆಯುತ್ತಿದ್ದ. ಓಟಗಾರರಿಗೆ ಎತ್ತ ಹೋದರೂ ತಪ್ಪಲಾರದ ಬಲೆ ಇದು.

ಇದನ್ನು ತಡೆಯಲು 1895ರಲ್ಲಿ ಈ ನಿಯಮ ಬಂತು. ಮೊದಲೆರಡು ಬೇಸ್‌ಗಳು ಅಥವಾ ಮೂರೂ ಬೇಸ್‌ಗಳು ತುಂಬಿ, ಎರಡಕ್ಕಿಂತ ಕಡಿಮೆ ಔಟ್ ಆಗಿರುವಾಗ ಇಂಥ ಚೆಂಡು ಹಾರಿದರೆ, ಅದು ಇನ್ನೂ ಗಾಳಿಯಲ್ಲಿರುವಾಗಲೇ ಅಂಪೈರ್ ಬೆರಳೆತ್ತಿ ಬ್ಯಾಟರ್ ಔಟ್ ಎಂದು ಸಾರುತ್ತಾರೆ. ಚೆಂಡು ಆಮೇಲೆ ಕೈಜಾರಿದರೂ ಸರಿ, ಬ್ಯಾಟರ್ ಔಟ್ ಆಗಿಯಾಗಿದೆ, ನೂಕುವವನಿಲ್ಲ, ಫೋರ್ಸ್ ಇಲ್ಲ. ಓಟಗಾರರು ತಮ್ಮ ಹೊಣೆಯ ಮೇಲೆ ಓಡಬಹುದು, ಓಡದೆಯೂ ಇರಬಹುದು. ಬಂಟ್ ಮಾಡಿದ, ಅಂದರೆ ಬ್ಯಾಟ್ ಬೀಸದೆ ಮೆಲ್ಲಗೆ ತಾಗಿಸಿದ, ಚೆಂಡಿಗೂ ನೇರವಾಗಿ ರಭಸದಿಂದ ಹೋದ ಚೆಂಡಿಗೂ ಇದು ಅನ್ವಯಿಸುವುದಿಲ್ಲ. ‘ಸಾಮಾನ್ಯ ಶ್ರಮದಿಂದ ಹಿಡಿಯಬಲ್ಲ’ ಚೆಂಡು ಯಾವುದು ಎಂಬುದನ್ನು ಅಂಪೈರರ ವಿವೇಚನೆಗೆ ಬಿಡಲಾಗಿದೆ, ಗೆರೆ ಎಳೆದು ಹೇಳಿಲ್ಲ. 2012ರ ಅಕ್ಟೋಬರ್ 5ರಂದು ಅಟ್ಲಾಂಟಾದಲ್ಲಿ ಬ್ರೇವ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ನಡುವಿನ ಪಂದ್ಯದಲ್ಲಿ ಔಟ್‌ಫೀಲ್ಡ್‌ನ ಹುಲ್ಲಿನೊಳಗೆ ಸಾಕಷ್ಟು ದೂರ ಹೋಗಿ ಬಿದ್ದ ಚೆಂಡಿಗೆ ಈ ನಿಯಮ ಅನ್ವಯಿಸಿದಾಗ, ಪ್ರೇಕ್ಷಕರು ಬಾಟಲಿಗಳನ್ನೆಸೆದು ಆಟ 19 ನಿಮಿಷ ನಿಂತಿತು.

ಓಟದ ಉಳಿದ ಕಟ್ಟುಪಾಡುಗಳು

ಮೊದಲ ಬೇಸ್ ಅನ್ನು ಮುಟ್ಟಿ ರಭಸದಲ್ಲಿ ದಾಟಿ ಓಡಬಹುದು, ತಕ್ಷಣ ಹಿಂದಿರುಗಿದರೆ ಟ್ಯಾಗ್‌ನ ಭಯವಿಲ್ಲ. ಎರಡನೇ ಮತ್ತು ಮೂರನೇ ಬೇಸ್‌ಗಳಿಗೆ ಈ ರಿಯಾಯಿತಿಯಿಲ್ಲ, ಅದಕ್ಕೇ ಅಲ್ಲಿ ಎಲ್ಲರೂ ಜಾರುವುದು. ಮೊದಲ ಬೇಸ್ ದಾಟಿದವನು ಎಡಕ್ಕೆ ತಿರುಗಿದರೆ ಸಾಕು, ಟ್ಯಾಗ್ ಮಾಡಬಹುದು ಎಂಬ ನಂಬಿಕೆ ಮಕ್ಕಳ ತರಬೇತುದಾರರಲ್ಲೂ ಇದೆ. ಅದು ಸರಿಯಲ್ಲ, ಎರಡನೇ ಬೇಸ್‌ಗೆ ಓಡುವ ಪ್ರಯತ್ನ ಮಾಡಿದನೇ ಎಂಬುದಷ್ಟೇ ಮುಖ್ಯ.

ಇಬ್ಬರು ಒಂದೇ ಬೇಸ್‌ನಲ್ಲಿ ನಿಂತುಬಿಟ್ಟರೆ ಅದು ಯಾರದ್ದು? ಇಲ್ಲಿಯೂ ಅದೇ ಹಳೆಯ ಪ್ರಶ್ನೆ. ಫೋರ್ಸ್ ಇಲ್ಲದಿದ್ದರೆ ಬೇಸ್ ಮುಂದಿನವನದ್ದು, ಹಿಂದಿನಿಂದ ಬಂದವನನ್ನು ಟ್ಯಾಗ್ ಮಾಡಿದರೆ ಅವನು ಔಟ್. ಫೋರ್ಸ್ ಇದ್ದರೆ ಬೇಸ್ ಹಿಂದಿನವನದ್ದು, ಮುಂದಿನವನೇ ಔಟ್. ಗೊಂದಲದಲ್ಲಿ ಜಾಣ ಫೀಲ್ಡರ್ ಇಬ್ಬರನ್ನೂ ಮುಟ್ಟಿ, ತೀರ್ಮಾನವನ್ನು ಅಂಪೈರರಿಗೆ ಬಿಡುತ್ತಾನೆ.

ಟ್ಯಾಗ್ ತಪ್ಪಿಸಿಕೊಳ್ಳಲು ಓಟಗಾರ ತನ್ನ ದಾರಿಯಿಂದ ಮೂರು ಅಡಿಗಿಂತ ಹೆಚ್ಚು ಪಕ್ಕಕ್ಕೆ ಸರಿದರೆ ಔಟ್. ಈ ದಾರಿ ಸುಣ್ಣದ ಗೆರೆಯಲ್ಲ. ಫೀಲ್ಡರ್ ಟ್ಯಾಗ್‌ಗೆ ಕೈಚಾಚಿದ ಕ್ಷಣದಲ್ಲಿ ಓಟಗಾರ ಇದ್ದ ಜಾಗದಿಂದ ಅವನು ಸೇರಬೇಕಾದ ಬೇಸ್‌ವರೆಗಿನ ನೇರ ರೇಖೆ. ಹೊಡೆದ ಚೆಂಡು ಫೀಲ್ಡರ್‌ನನ್ನು ದಾಟುವ ಮೊದಲು ಓಟಗಾರನಿಗೆ ತಾಗಿದರೆ ಅವನು ಔಟ್. ತನ್ನ ಮುಂದಿನ ಓಟಗಾರನನ್ನು ಹಿಂದಿಕ್ಕಿದವನೂ ಔಟ್, ಚೆಂಡು ಬೇಲಿಯಾಚೆ ಹೋಗಿದ್ದರೂ.

ಕೊನೆಯದಕ್ಕೆ ಹೊಂದಿಕೊಂಡು ಒಂದು ಘಟನೆಯಿದೆ. 1999ರ ಅಕ್ಟೋಬರ್ 17ರಂದು ನ್ಯೂಯಾರ್ಕ್ ಮೆಟ್ಸ್‌ನ ರಾಬಿನ್ ವೆಂಚುರಾ ಅಟ್ಲಾಂಟಾ ಬ್ರೇವ್ಸ್ ವಿರುದ್ಧ ಹದಿನೈದನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದ್ದಾಗ ಚೆಂಡನ್ನು ಬೇಲಿಯಾಚೆ ಹೊಡೆದ. ಮೊದಲ ಬೇಸ್‌ನಿಂದ ಹೊರಟಿದ್ದ ಟಾಡ್ ಪ್ರಾಟ್ ಸಂತೋಷ ತಾಳಲಾರದೆ ಹಿಂದಿರುಗಿ ಬಂದು ಅವನನ್ನು ತಬ್ಬಿಕೊಂಡ. ವೆಂಚುರಾ ಎರಡನೇ ಬೇಸ್ ತಲುಪಲೇ ಇಲ್ಲ, ನಾಲ್ಕು ರನ್‌ಗಳ ಹೊಡೆತ ದಾಖಲೆಯಲ್ಲಿ ಬರಿಯ ಸಿಂಗಲ್, ಅಂದರೆ ಒಂದು ಬೇಸ್‌ನ ಹೊಡೆತ, ಆಗಿ ಉಳಿಯಿತು. ಆದರೂ ಮೆಟ್ಸ್ 4-3ರಿಂದ ಗೆದ್ದಿತು, ಏಕೆಂದರೆ ಮೂರನೇ ಬೇಸ್‌ನವನು ಹೋಮ್ ಪ್ಲೇಟ್ ಮುಟ್ಟಿದ್ದ, ವೆಂಚುರಾ ಮೊದಲ ಬೇಸ್ ಮುಟ್ಟಿದ್ದ.

ಇನ್ನೊಂದು ವಿಚಿತ್ರವನ್ನೂ ಹೇಳಿಬಿಡಬೇಕು. ಬ್ಯಾಟರ್ ಬೀಸಿ ತಪ್ಪಿದ ಅಥವಾ ಹೊಡೆಯದೆ ಬಿಟ್ಟ ಸರಿಯಾದ ಎಸೆತಕ್ಕೆ ಸ್ಟ್ರೈಕ್ ಎನ್ನುತ್ತಾರೆ, ಮೂರಾದರೆ ಸಾಮಾನ್ಯವಾಗಿ ಅವನು ಔಟ್. ಆದರೆ ಮೂರನೇ ಸ್ಟ್ರೈಕ್ ಅನ್ನು ಕ್ಯಾಚರ್ ನೇರವಾಗಿ ಹಿಡಿಯದೆ ಕೈಚೆಲ್ಲಿದರೆ, ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಎರಡು ಔಟ್ ಆಗಿದ್ದಾಗ, ಬ್ಯಾಟರ್ ಮೊದಲ ಬೇಸ್‌ಗೆ ಓಡಬಹುದು. ಎರಡು ಔಟ್ ಆಗಿ ಮೂರೂ ಬೇಸ್ ತುಂಬಿದ್ದರೆ ಆ ಓಟ ಎಲ್ಲರನ್ನೂ ನೂಕುತ್ತದೆ. ಕ್ಯಾಚರ್ ಚೆಂಡೆತ್ತಿಕೊಂಡು ಕಾಲಬುಡದ ಹೋಮ್ ಪ್ಲೇಟ್ ತುಳಿದರೆ ಫೋರ್ಸ್ ಔಟ್. ಇದನ್ನು ಮರೆತು ಮೊದಲ ಬೇಸ್‌ಗೆ ಎಸೆದು ಕೆಡಿಸಿಕೊಳ್ಳುವ ಕ್ಯಾಚರ್‌ಗಳು ಮಕ್ಕಳ ಆಟದಲ್ಲಿ ವಾರಕ್ಕೊಬ್ಬರು ಸಿಗುತ್ತಾರೆ.

ಬಿಡಿಸಿ ನೋಡಲು ಒಂದು ಲೆಕ್ಕ

ಒಂದು ಔಟ್ ಆಗಿದೆ. ಮೊದಲ ಮತ್ತು ಮೂರನೇ ಬೇಸ್‌ಗಳಲ್ಲಿ ಓಟಗಾರರಿದ್ದಾರೆ. ಚೆಂಡು ನೆಲದಲ್ಲಿ ಉರುಳಿ ಮೊದಲ ಬೇಸ್‌ನ ಫೀಲ್ಡರ್ ಕೈಗೆ ಬರುತ್ತದೆ, ಮೂರನೇ ಬೇಸ್‌ನವನು ಹೋಮ್ ಪ್ಲೇಟ್‌ಗೆ ಓಡತೊಡಗಿದ್ದಾನೆ.

ಫೀಲ್ಡರ್ ಮೊದಲು ಎರಡನೇ ಬೇಸ್‌ಗೆ ಎಸೆದರೆ ಅಲ್ಲಿ ಬೇಸ್ ತುಳಿದರೆ ಸಾಕು, ಫೋರ್ಸ್ ಔಟ್. ಚೆಂಡು ಮರಳಿ ಮೊದಲ ಬೇಸ್‌ಗೆ ಬಂದು ಬ್ಯಾಟರ್ ಕೂಡ ಔಟ್ ಆದರೆ, ಮೂರನೇ ಔಟ್ ಬ್ಯಾಟರ್ ಮೊದಲ ಬೇಸ್ ಮುಟ್ಟುವ ಮುನ್ನ ಆದದ್ದು. ಮೂರನೇ ಬೇಸ್‌ನವನು ಎಷ್ಟೇ ಬೇಗ ಹೋಮ್ ಪ್ಲೇಟ್ ಮುಟ್ಟಿರಲಿ, ರನ್ ಇಲ್ಲ.

ಅವನು ಮೊದಲು ತನ್ನ ಬೇಸ್ ತುಳಿದರೆ ಬ್ಯಾಟರ್ ಔಟ್, ಆದರೆ ಎರಡನೇ ಬೇಸ್‌ನ ಫೋರ್ಸ್ ಕಳಚಿತು. ಇನ್ನು ಅಲ್ಲಿಗೆ ಓಡುತ್ತಿರುವವನನ್ನು ಮುಟ್ಟಲೇಬೇಕು, ಮತ್ತು ಮುಟ್ಟುವ ಮೊದಲು ಹೋಮ್ ಪ್ಲೇಟ್ ದಾಟಿದ ರನ್ ಲೆಕ್ಕಕ್ಕೆ ಬರುತ್ತದೆ. ನಿಯಮ ತಿಳಿದ ಓಟಗಾರ ಇದನ್ನು ಕಂಡೊಡನೆ ಎರಡನೇ ಬೇಸ್‌ಗೆ ನುಗ್ಗಿ ಟ್ಯಾಗ್‌ಗೆ ಮೈಯೊಡ್ಡುವುದಿಲ್ಲ. ನಡುದಾರಿಯಲ್ಲಿ ಗಕ್ಕನೆ ನಿಂತು, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಾಡುತ್ತಾ, ಇಬ್ಬರು ಫೀಲ್ಡರ್‌ಗಳು ತನ್ನನ್ನು ಅಟ್ಟಾಡಿಸುವಂತೆ ಮಾಡುತ್ತಾನೆ. ಅತ್ತ ಗೆಳೆಯನ ಕಾಲು ಹೋಮ್ ಪ್ಲೇಟ್ ಮುಟ್ಟಿದ್ದನ್ನು ಕಂಡ ಮೇಲೆ ಅವನಿಗೆ ಗ್ಲೌಸ್ ತಾಗಿದರೂ ತಾಗದಿದ್ದರೂ ಆ ರನ್ ಅಳಿಸುವುದಿಲ್ಲ.